ದನಿ ಇಳಿದ ಗಡಿಯಾರಗಳು

ನನ್ನ ಮಾವನಿಗೆ ನನ್ನ ಮೇಲಿದ್ದ ದೂರು ಒಂದೇ: ನಾನು ಬಾಯೊಳಗೇ ಮಾತಾಡುತ್ತೇನೆ. ಮದುವೆಯಾಗಿ ಬಂದ ಎರಡನೇ ವಾರವೇ ಅವರು ಮಗನನ್ನು ಪಕ್ಕಕ್ಕೆ ಕರೆದು, "ಹುಡುಗಿ ಚಿನ್ನ ಕಣೋ, ಆದ್ರೆ ಮಾತು ಹಲ್ಲು ದಾಟಿ ಹೊರಗೆ ಬರಲ್ಲ" ಎಂದಿದ್ದರಂತೆ. ತವರಿನಲ್ಲಿ ನನ್ನನ್ನು ಬಾಯಿಬಡುಕಿ ಎನ್ನುತ್ತಿದ್ದರು. ಹಾಗಾಗಿ ಈ ಮಾತು ಕೇಳಿ ಮೊದಲು ನಗು ಬಂತು, ಆಮೇಲೆ ಬೇಜಾರಾಯಿತು, ಆಮೇಲೆ ರೂಢಿಯಾಯಿತು. ಅದನ್ನು ಬೇರೆಯೇ ರೀತಿಯಲ್ಲಿ ಅರ್ಥಮಾಡಿಕೊಳ್ಳಬೇಕಿತ್ತು ಎಂದು ತಿಳಿಯಲು ನನಗೆ ಮೂರು ವರ್ಷವೂ ಏಳು ಗಡಿಯಾರಗಳೂ ಬೇಕಾದವು.

ಮಾವ ಬಟ್ಟೆ ಗಿರಣಿಯಲ್ಲಿ ಟೈಮ್ ಕೀಪರ್ ಆಗಿದ್ದವರು. ಗೇಟು ದಾಟಿದರೆ ಎಡಕ್ಕೆ ಗೂಡಿನಂಥ ಕೋಣೆ. ಒಂದು ಕಿಟಕಿ ಗೇಟಿನ ಕಡೆಗೆ, ಇನ್ನೊಂದು ಮಗ್ಗದ ಶೆಡ್ಡಿನ ಕಡೆಗೆ, ಚಾವಣಿಯ ಮೇಲೆ ಸೈರನ್. ಬಂದವರ ಕಾರ್ಡಿಗೆ ತೂತು ಹಾಕುವುದು, ತಡವಾಗಿ ಬಂದವರ ಮುಖ ನೋಡದೆ ಕೆಂಪು ಶಾಯಿಯಲ್ಲಿ ನಿಮಿಷ ಬರೆಯುವುದು, ಪಾಳಿ ಬದಲಾಗುವಾಗ ಎಡಗೈಯಲ್ಲಿ ಗಡಿಯಾರ ಹಿಡಿದು ಬಲಗೈಯಲ್ಲಿ ಸರಪಳಿ ಎಳೆಯುವುದು. ಮೂವತ್ತೊಂದು ವರ್ಷ ಇದೇ ಕೆಲಸ. ದಿನಕ್ಕೆ ಆರು ಸಲ ಆ ಸೈರನ್ ಅವರ ನೆತ್ತಿಯ ಮೇಲೆಯೇ ಕೂಗುತ್ತಿತ್ತು. ಗಿರಣಿ ಮುಚ್ಚಿ ಎಂಟು ವರ್ಷವಾಯಿತು, ಸೈರನ್ನನ್ನು ಗುಜರಿಯವರು ಕೈಗಾಡಿಯಲ್ಲಿ ಹೇರಿಕೊಂಡು ಹೋದರು. ನಮ್ಮ ಬೀದಿಯಲ್ಲಿ ಮಾತ್ರ ಮಾವ ಇವತ್ತಿಗೂ ಸೈರನ್ ಯಜಮಾನರೇ.

ಎಡಗೈಯಲ್ಲಿ ಹಿಡಿಯುತ್ತಿದ್ದ ಆ ಜೇಬುಗಡಿಯಾರ ಅವರ ಅಪ್ಪನದು. ಅಪ್ಪ ಅದೇ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಒಂದು ದಿನ ಕೆಲಸದ ಮೇಲೆಯೇ ಕುಸಿದು ಹೋದರು. ಮಾವನಿಗೆ ಆಗ ಹದಿನಾರು. ಯಾರೋ ಕೋಟು ಬಿಚ್ಚಿ, ಜೇಬಿನಿಂದ ಗಡಿಯಾರ ತೆಗೆದು ಇವರ ಅಂಗೈಯಲ್ಲಿಟ್ಟರು. ಅದು ಓಡುತ್ತಿತ್ತು. "ಅಪ್ಪ ತಣ್ಣಗಾಗಿದ್ರು, ಇದು ಬೆಚ್ಚಗಿತ್ತು" ಎಂದು ಮಾವ ಒಂದೇ ಸಲ ಹೇಳಿದ್ದಾರೆ; ಇನ್ನೊಮ್ಮೆ ಕೇಳಿದರೆ ಮಾತು ಬದಲಿಸುತ್ತಾರೆ. ಅಂದಿನಿಂದ ಐವತ್ತೆರಡು ವರ್ಷ ಅದು ನಿಂತಿರಲಿಲ್ಲ. ತೊಳೆಯಲು, ಎಣ್ಣೆ ಹಾಕಲು ಬಿಚ್ಚಿದಾಗ ಅವರೇ ಎದುರಿಗೆ ಕೂತು ನಿಲ್ಲಿಸಿ, ಮತ್ತೆ ಓಡಿಸಿಕೊಂಡು ಮನೆಗೆ ತಂದಿದ್ದಾರೆ. "ನಿಲ್ಲಿಸಿದ್ದುಂಟು, ನಿಂತದ್ದಿಲ್ಲ" ಎನ್ನುವುದು ಅವರ ಹೆಮ್ಮೆ. ಆಸ್ತಿ ಎಂದು ಅವರು ಕರೆಯುವುದು ಅದೊಂದನ್ನೇ.

ಉಳಿದ ಏಳು ಗಡಿಯಾರಗಳು ತಾವಾಗಿ ಬಂದವು. ಗಿರಣಿಯ ಓಣಿಯಲ್ಲಿ ಯಾರಾದರೂ ಹಿರಿಯರು ತೀರಿಕೊಂಡರೆ, ಮನೆಯಲ್ಲಿ ಹಳೆಯ ಜೇಬುಗಡಿಯಾರ ಸಿಕ್ಕರೆ, ತಂದು ಮಾವನ ಕೈಗೆ ಕೊಡುತ್ತಿದ್ದರು. "ನಮ್ಮ ಹತ್ರ ಇದ್ರೆ ಮಕ್ಕಳು ಬಾಯಿಗೆ ಹಾಕ್ಕೋತಾರೆ, ನಿಮ್ಮ ಹತ್ರ ಇದ್ರೆ ಓಡ್ತಾ ಇರತ್ತೆ." ಕೊಟ್ಟವರಿಗೆ ಅದು ಯಾವಾಗಲಾದರೂ ಬಂದು ನೋಡಬಹುದಾದ ವಸ್ತು. ಮಾವನಿಗೆ ಅದು ಹೊರಬೇಕಾದ ಮಾತು.

ಪ್ರತಿಯೊಂದಕ್ಕೂ ಅಡ್ಡಹೆಸರಿತ್ತು. ನಡುನಡುವೆ ಒಂದು ಬಡಿತ ತಡವರಿಸುವುದು ಕೆಮ್ಮುಗಾರ. ದಿನಕ್ಕೆ ಆರು ನಿಮಿಷ ಮುಂದೆ ಹೋಗುವುದು ಆತುರಗಾರ. ಅದರ ಪಕ್ಕದಲ್ಲೇ ನೇತಾಡುವುದು ಸೋಮಾರಿ. ಮುಚ್ಚಳದ ಮೇಲೆ ನೀಲಿ ಹೂವಿದ್ದ ಚಿಕ್ಕದು ಮದುಮಗಳು. ಸೆಕೆಂಡಿನ ಕೆಂಪು ಮುಳ್ಳಿದ್ದದ್ದು ಡಾಕ್ಟರು. ಗಿರಣಿಯ ಆಸ್ಪತ್ರೆಯ ಡಾಕ್ಟರು ಅದನ್ನು ಹಿಡಿದೇ ನಲವತ್ತು ವರ್ಷ ನಾಡಿ ನೋಡಿದ್ದರು. ಇನ್ನೆರಡು ಒಂದೇ ಅಚ್ಚಿನವು, ಜೀವಮಾನವಿಡೀ ಮಾತು ಬಿಟ್ಟಿದ್ದ ಇಬ್ಬರು ಅಣ್ಣತಮ್ಮಂದಿರವು. ಅವೆರಡನ್ನು ಮಾವ ಬೀರುವಿನ ಎರಡು ಕೊನೆಗೆ ತೂಗುಹಾಕಿದ್ದರು. "ಅಕ್ಕಪಕ್ಕ ಇಟ್ರೆ ಸುಮ್ಮನೆ ಮನೇಲಿ ಜಗಳ." ಅಪ್ಪನ ಗಡಿಯಾರಕ್ಕೆ ಹೆಸರೂ ಅಪ್ಪನೇ. ಎಂಟಕ್ಕೂ ನನ್ನ ಅತ್ತೆ ಹಳೇ ಅಂಗಿಗಳ ಬಟ್ಟೆಯಲ್ಲಿ ಚೀಲ ಹೊಲಿದಿದ್ದರು. ನಾನು ಅತ್ತೆಯನ್ನು ನೋಡಿಲ್ಲ, ಅವರ ಹೊಲಿಗೆಯನ್ನು ಮಾತ್ರ ನೋಡಿದ್ದೇನೆ. ಒಂದೂ ದಾರ ಬಿಟ್ಟಿಲ್ಲ.

ಬೆಳಿಗ್ಗೆ ಎಂಟಕ್ಕೆ ಕೀಲಿ ಕೊಡುವ ಹೊತ್ತು. ಬೀರು ತೆರೆದು, ಒಂದೊಂದನ್ನೇ ತೆಗೆದು ಕಿವಿಗೆ ಹಿಡಿದು, ಆಮೇಲೆ ಕೀಲಿ. ಯಾವುದಕ್ಕೆ ಎಷ್ಟು ಸುತ್ತು ಎಂಬುದು ಹೆಬ್ಬೆರಳಿಗೆ ಗೊತ್ತು. "ಊಟ ಬಡಿಸಿದ ಹಾಗೆ ಇದು. ಒಬ್ಬನಿಗೆ ಬಡಿಸಿ ಇನ್ನೊಬ್ಬನ ಎಲೆ ಖಾಲಿ ಬಿಡಬಾರದು." ಆ ಇಪ್ಪತ್ತು ನಿಮಿಷ ಮನೆಯಲ್ಲಿ ಕುಕ್ಕರ್ ಕೂಡ ಕೂಗಬಾರದು. ಮಗುವಿಗೆ ಬಾಟಲಿ ಕುದಿಸುವುದು, ಗಂಡನಿಗೆ ಬುತ್ತಿ ಕಟ್ಟುವುದು ಎಲ್ಲ ಏಳೂವರೆಗೇ ಮುಗಿಸುತ್ತಿದ್ದೆ. ನನ್ನ ಗಂಡ ಬಸ್ ಕಂಡಕ್ಟರ್. ಗಂಟಲು ಅಂದರೆ ಗಂಟಲು. ಹಿಂದಿನ ಸೀಟಿನಲ್ಲಿ ಮಲಗಿದ್ದವನೂ ಎದ್ದು ಟಿಕೆಟ್ ಕೇಳಬೇಕು. ಅಪ್ಪ ಮಗ ಮಾತಾಡುವಾಗ ಯಾವತ್ತೂ "ಏನಂದೆ?" ಎನ್ನುವ ಮಾತೇ ಬರುತ್ತಿರಲಿಲ್ಲ. ಮಾವನನ್ನು ನೋಡಲು ಬರುವ ಗಿರಣಿಯ ಹಳಬರೂ ಹಾಗೆಯೇ, ಎದುರುಬದುರು ಕೂತು ಹೊಳೆಯಾಚೆಗೆ ಕೂಗುವಂತೆ ಮಾತಾಡುತ್ತಿದ್ದರು. ಈ ಮನೆಯಲ್ಲಿ ಮಾತು ಕೇಳಿಸದವಳು ನಾನೊಬ್ಬಳೇ.

ಮಗಳು ಹುಟ್ಟಿದ ಮೇಲೆ ನಾನು ದಿನಚರಿ ಇಟ್ಟಿದ್ದೇನೆ. ಎಷ್ಟು ಹೊತ್ತಿಗೆ ಹಾಲು, ಎಷ್ಟು ಹೊತ್ತಿಗೆ ನಿದ್ದೆ, ಯಾವ ಚುಚ್ಚುಮದ್ದು ಆಯಿತು, ಯಾವುದು ಬಾಕಿ. ನಡುವೆ ಜಾಗ ಉಳಿದರೆ ಮನೆಯ ಮಾತು. ಈಗ ಹಾಳೆ ತಿರುವಿದರೆ ಎಲ್ಲವೂ ಅಲ್ಲಿಯೇ ಇದೆ. ಮಗಳಿಗೆ ನಾಲ್ಕು ತಿಂಗಳಾದಾಗ ಬರೆದದ್ದು: "ಮಾವ ಗಿಲಕಿ ತಂದಿದ್ದರು. ಅಲ್ಲಾಡಿಸಿ ನೋಡಿ, ಅಂಗಡಿಯವ ಮೋಸ ಮಾಡಿದ, ಒಳಗೆ ಕಾಳೇ ಇಲ್ಲ ಅಂದರು. ನಾನೂ ಮಗುವೂ ನಕ್ಕೆವು." ತಮಾಷೆ ಎಂದುಕೊಂಡಿದ್ದೆ. ಗಿಲಕಿಯ ಸದ್ದಿಗೆ ಮಗು ಕಾಲು ಬಡಿಯುತ್ತಿತ್ತು. ಇನ್ನೊಂದು ಹಾಳೆಯಲ್ಲಿ: "ಸ್ನಾನದ ಮನೆಯಿಂದ ಬರುವಷ್ಟರಲ್ಲಿ ಮಗು ಒಳಗೆ ಕುಯ್ಯೋ ಎನ್ನುತ್ತಿತ್ತು. ಮಾವ ಬಾಗಿಲಾಚೆ ಪೇಪರ್ ಓದುತ್ತಾ ಕೂತಿದ್ದರು. ಏಳಲಿಲ್ಲ. ಹೆಣ್ಣು ಅಂತ ಇರಬಹುದೇ?" ಈ ಕೊನೆಯ ಸಾಲನ್ನು ಆಮೇಲೆ ಹೊಡೆದುಹಾಕಿದ್ದೇನೆ, ಆದರೆ ಗೀಟಿನ ಕೆಳಗೆ ಇನ್ನೂ ಓದಬಹುದು.

ಅದರ ಮುಂದಿನ ವಾರವೇ ಮಾವ ಕೆಮ್ಮುಗಾರನನ್ನು ಕಿವಿಯಿಂದ ತೆಗೆದು ಮತ್ತೆ ಹಿಡಿದು, ಈ ಕಿವಿ ಆ ಕಿವಿ ಮಾಡಿ, "ಇವನ ದನಿ ಇಳಿದಿದೆ" ಎಂದರು.

"ಓಡ್ತಾ ಇದೆಯಲ್ಲ ಮಾವ?"

"ಹ್ಞಾಂ?"

"ಓಡ್ತಾ ಇದೆಯಲ್ಲ ಅಂದೆ."

"ಓಡೋದು ಬೇರೆ, ಆರೋಗ್ಯ ಬೇರೆ ಅಮ್ಮ. ಜ್ವರ ಬಂದವನೂ ಓಡ್ತಾನೆ. ಒಳಗೆ ಎಣ್ಣೆ ಒಣಗಿದೆ."

ಹಿಂದೆಲ್ಲ ಇಂಥದ್ದಾದರೆ ಭೂತಗನ್ನಡಿಯವರ ಹತ್ತಿರ ಒಯ್ಯುತ್ತಿದ್ದರು. ಸಂತೆಪೇಟೆಯ ಮೂಲೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಇರುತ್ತಿದ್ದರಿಂದ ಆ ಹೆಸರು. ಅವರಿಗೆ ಕೈ ನಡುಕ ಬಂದು ಮೂರು ವರ್ಷವಾಗಿತ್ತು. ಅಂಗಡಿಯಲ್ಲಿ ಈಗ ಅವರ ಅಳಿಯ ಫೋನಿನ ಕವರ್ ಮಾರುತ್ತಾನೆ. "ಅವನ ಕೈಯಲ್ಲಿ ಲೋಟ ನಿಲ್ಲಲ್ಲ, ಇನ್ನು ಇದನ್ನ ಹಿಡಿತಾನಾ" ಎಂದು ಮಾವ ತಾವೇ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದರು. ಎಷ್ಟೋ ವರ್ಷ ಎದುರು ಕೂತು ನೋಡಿದ ಕೆಲಸ. ಚಿಮಟ, ಸೂಜಿಯಂಥ ಸ್ಕ್ರೂ ಡ್ರೈವರ್ ಎಲ್ಲ ಇದ್ದವು. ಎಣ್ಣೆ ಮಾತ್ರ ಅತ್ತೆಯ ಹೊಲಿಗೆ ಮೆಷಿನ್ನಿನದು.

ನಾನು ಮಗುವಿಗೆ ಉಣಿಸುತ್ತಾ ಬಾಗಿಲಿಂದ ನೋಡುತ್ತಿದ್ದೆ. ಸೂಜಿಯ ತುದಿಯಲ್ಲಿ ಒಂದು ಹನಿ. ಕಿವಿಗೆ ಹಿಡಿದರು. ತಲೆ ಅಲ್ಲಾಡಿಸಿದರು. ಇನ್ನೊಂದು ಹನಿ, ಮತ್ತೆ ಕಿವಿಗೆ. ಹೀಗೆ ಮಧ್ಯಾಹ್ನದವರೆಗೆ. ಸಂಜೆ ಹೊತ್ತಿಗೆ ಕೆಮ್ಮುಗಾರ ನಿಜಕ್ಕೂ ಜ್ವರ ಬಂದವನ ಹಾಗೆ ಕಾಲೆಳೆಯತೊಡಗಿದ. ಮೂರನೇ ದಿನ ನಿಂತ. ಮಾವ ಮತ್ತೆ ಬಿಚ್ಚಿದರು, ಒಳಗಿನ ಕೂದಲೆಳೆಯಂಥ ಸ್ಪ್ರಿಂಗು ಚಿಮಟದ ತುದಿಗೆ ಸಿಕ್ಕಿ ಗೋಜಲಾಯಿತು.

"ಆಯಸ್ಸು ಮುಗಿದಿತ್ತು" ಎಂದರು. "ಸ್ವಲ್ಪ ಮುಂಚೆ ಬಿಚ್ಚಿದ್ರೆ ಉಳೀತಿತ್ತು."

ಈ ಮಾತೇ ಮುಳುವಾಯಿತು. ಅಂದಿನಿಂದ ಯಾವುದರ ದನಿ ಇಳಿದಂತೆ ಕಂಡರೂ ಅವರು ಕಾಯಲಿಲ್ಲ. ಸೋಮಾರಿ ಹೋಯಿತು. ಅಣ್ಣತಮ್ಮಂದಿರು ಒಂದೇ ತಿಂಗಳಲ್ಲಿ ಹೋದರು. "ಸಾಯೋವಾಗಲಾದ್ರೂ ಒಟ್ಟಿಗೆ ಹೋದ್ರಲ್ಲ" ಎಂದು ನನ್ನ ಗಂಡ ನಗಿಸಲು ನೋಡಿದ. ಮಾವ ನಗಲಿಲ್ಲ. ಡಾಕ್ಟರ ಹೆಂಡತಿ ವರ್ಷಕ್ಕೊಮ್ಮೆ ಬಂದು ಕೆಂಪು ಮುಳ್ಳಿನದನ್ನು ಐದು ನಿಮಿಷ ಕಿವಿಗೆ ಹಿಡಿದು ಕೂತು ಹೋಗುವವರು. ಆ ಸಲ ಬಂದಾಗ ಮಾವ ಮುಖ ಸಣ್ಣದು ಮಾಡಿಕೊಂಡು, "ದನಿ ತುಂಬಾ ಇಳಿದಿದೆ ಅಮ್ಮ, ಗಮನಿಸಿದ್ರಾ?" ಎಂದು ಕೇಳಿದರು. ಅವರು ಮತ್ತೆ ಕಿವಿಗೆ ಹಿಡಿದು, "ಇಲ್ಲವಲ್ಲ, ಹಾಗೇ ಇದೆ, ನಮ್ಮವರ ಎದೆ ಮೇಲೆ ತಲೆ ಇಟ್ಟಾಗ ಕೇಳ್ತಿತ್ತಲ್ಲ, ಹಾಗೇ" ಎಂದರು. ಅವರು ಮೆಟ್ಟಿಲಿಳಿದ ಮೇಲೆ ಮಾವ ನನ್ನ ಕಡೆ ತಿರುಗಿ, "ನನಗೆ ನೋವಾಗಬಾರದು ಅಂತ ಸುಳ್ಳು ಹೇಳಿದ್ರು, ದೊಡ್ಡ ಮನಸ್ಸು" ಎಂದರು. ಮರುದಿನ ಡಾಕ್ಟರನ್ನು ಬಿಚ್ಚಿದರು.

ಮಗಳು ಬೋರಲಾದಾಗ ಐದು ಉಳಿದಿದ್ದವು, ಅಂಬೆಗಾಲಿಟ್ಟಾಗ ಮೂರು, ಗೋಡೆ ಹಿಡಿದು ನಿಂತಾಗ ಒಂದು. ದಿನಚರಿಯಲ್ಲಿ ಅವಳ ಬೆಳವಣಿಗೆಯ ಪಕ್ಕದಲ್ಲೇ ಇವುಗಳ ಸಾವು ಸಾಲಾಗಿದೆ. ಕೀಲಿ ಕೊಡುವ ಇಪ್ಪತ್ತು ನಿಮಿಷ ಎರಡು ನಿಮಿಷಕ್ಕಿಳಿಯಿತು. ಮಾವ ಎಂಟಕ್ಕೆ ಬೀರು ತೆರೆಯುತ್ತಿದ್ದರು, ಅಪ್ಪನನ್ನು ತೆಗೆದು ಕೀಲಿ ಕೊಟ್ಟು, ಉಳಿದ ಹದಿನೆಂಟು ನಿಮಿಷ ತೆರೆದ ಬೀರುವಿನ ಮುಂದೆ ಸುಮ್ಮನೆ ನಿಲ್ಲುತ್ತಿದ್ದರು. ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುತ್ತಿದ್ದರು. ಊಟ ಕಡಿಮೆಯಾಯಿತು. ಪೇಟೆ ಕಡೆಗೆ ಹೋಗುವುದೂ ನಿಂತಿತು. ಗಡಿಯಾರ ಕೊಟ್ಟವರ ಮನೆಯವರು ದಾರಿಯಲ್ಲಿ ಸಿಕ್ಕರೆ ಏನು ಹೇಳುವುದು?

ಒಂದು ಬೆಳಿಗ್ಗೆ ಅವರು ಅಪ್ಪನನ್ನು ಕಿವಿಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತರು. ಆಮೇಲೆ ಮತ್ತೆ ಚೀಲದಲ್ಲಿಟ್ಟರು.

ಅವತ್ತು ಮಗಳಿಗೆ ಚುಚ್ಚುಮದ್ದು ಹಾಕಿಸುವ ದಿನ. ಮಗುವಿನ ಬಟ್ಟೆಯ ಚೀಲದಲ್ಲಿ, ಒರಸುವ ಬಟ್ಟೆಗಳ ಕೆಳಗೆ ನಿಂತುಹೋದ ಏಳೂ ಗಡಿಯಾರಗಳನ್ನಿಟ್ಟುಕೊಂಡು ಹೊರಟೆ. ಭೂತಗನ್ನಡಿಯವರ ಕೈ ನಡುಗಿದರೇನು, ಬಾಯಿ ಇದೆಯಲ್ಲ. ಯಾರಿಗೆ ತೋರಿಸಬೇಕೆಂದಾದರೂ ಹೇಳಲಿ ಎನ್ನುವುದು ನನ್ನ ಲೆಕ್ಕ. ಹೇಳದೆ ಒಯ್ದು, ಓಡಿಸಿಕೊಂಡು ತಂದು, ಬೀರುವಿನಲ್ಲಿ ಮತ್ತೆ ಸಾಲಾಗಿ ತೂಗುಹಾಕಬೇಕೆಂಬ ಆಸೆಯೂ ಇತ್ತು.

ಅವರು ಅಂಗಡಿಯ ಹಿಂದಿನ ಕೋಣೆಯಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದರು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದರು, ನಡುಕ ಕಾಣದಿರಲೆಂದು. ಯಾರ ಮನೆ ಎಂದು ಹೇಳಿದೆ.

"ಸೈರನ್ ಸೊಸೆನಾ? ಬಾ ತಾಯಿ. ಮಗು ಮುಖ ಅವನದೇ, ಪಾಪ."

ಡಾಕ್ಟರ ಹಿಂಬದಿಯ ಮುಚ್ಚಳವನ್ನು ನನ್ನಿಂದಲೇ ತೆಗೆಸಿದರು. ಮೂಗಿನ ಹತ್ತಿರ ಹಿಡಿಯಲು ಹೇಳಿ, ಮೂಸಿ ಮುಖ ಹಿಂಡಿದರು.

"ಹೊಲಿಗೆ ಮೆಷಿನ್ ಎಣ್ಣೆ. ಅದೂ ತಲೆಗೆ ಹಚ್ಚೋ ಹಾಗೆ ಹಚ್ಚಿದ್ದಾನೆ. ಇನ್ನೊಂದು ತೆಗಿ."

ಏಳನ್ನೂ ತೆಗೆದೆ. ಒಂದರಲ್ಲಿ ಸ್ಪ್ರಿಂಗು ಗೋಜಲು, ಇನ್ನೊಂದರಲ್ಲಿ ಚಕ್ರದ ಅಚ್ಚಿನ ಮೊನೆಯೇ ಮುರಿದಿತ್ತು, ಮದುಮಗಳ ಒಳಗೆ ಒಂದು ಸ್ಕ್ರೂ ಇರಲೇ ಇಲ್ಲ. ಅವರು ಬಗ್ಗಿ ಬಗ್ಗಿ ನೋಡಿದರು.

"ಸವೆದದ್ದು ಒಂದೂ ಇಲ್ಲ ತಾಯಿ. ತುಕ್ಕಿಲ್ಲ, ಧೂಳಿಲ್ಲ. ಇನ್ನೂ ಇಪ್ಪತ್ತು ವರ್ಷ ಓಡೋವು. ಏನು ಕಾಯಿಲೆ ಅಂತ ಬಿಚ್ಚಿದ?"

"ದನಿ ಇಳಿದಿದೆ ಅಂತಿದ್ರು."

"ನಿನಗೂ ಹಾಗೆ ಕೇಳಿಸ್ತಾ?"

"ನಾನೆಲ್ಲಿ ಕೇಳೋಕೆ ಹೋಗ್ಲಿ ಅಜ್ಜ. ಡಾಕ್ಟರ ಮನೆಯವರು ಮಾತ್ರ ಮೊದಲಿನ ಹಾಗೇ ಇದೆ ಅಂದಿದ್ರು."

ಅವರು ಒಂದು ಕೈ ಹೊರಗೆ ತೆಗೆದು ಮಗುವಿನ ಕಾಲು ಮುಟ್ಟಿದರು. ಕೈ ನಡುಗುತ್ತಿತ್ತು, ಮಗು ಅದನ್ನು ಆಟವೆಂದುಕೊಂಡು ನಕ್ಕಿತು. "ಅವನು ನಿನ್ನ ಮಾತಿಗೆ ಏನಂತಾನೆ?"

"ಬಾಯೊಳಗೇ ಮಾತಾಡ್ತೀಯ ಅಂತಾರೆ" ಎಂದೆ. ಹೇಳುತ್ತಿದ್ದ ಹಾಗೆಯೇ ನನಗೆ ಗಿಲಕಿ ನೆನಪಾಯಿತು. ಬಾಗಿಲಾಚೆಯ ಪೇಪರ್ ನೆನಪಾಯಿತು.

"ಗಿರಣಿಯವರಿಗೆಲ್ಲ ಇದೇ ಕತೆ" ಎಂದರು ಅವರು. "ದಪ್ಪ ದನಿ ಕೇಳಿಸತ್ತೆ, ಸಣ್ಣ ಸದ್ದು ಹೋಗತ್ತೆ. ಮೊದಲು ಹೋಗೋದೇ ಗಡಿಯಾರದ್ದು. ಎಷ್ಟು ಜನ ಬಂದಿದ್ದಾರೆ ನನ್ನ ಹತ್ರ, ಶಬ್ದ ಕಮ್ಮಿ ಆಗಿದೆ ರಿಪೇರಿ ಮಾಡು ಅಂತ. ನಿನ್ನ ಕಿವಿ ಹೋಗಿದೆ ಕಣಯ್ಯ ಅಂತ ಹೇಗೆ ಹೇಳೋದು? ಎರಡು ದಿನ ಇಟ್ಕೊಂಡು, ಒರೆಸಿ, ಎಣ್ಣೆ ಹಾಕಿದ್ದೀನಿ ಅಂತ ವಾಪಸ್ ಕೊಡ್ತಿದ್ದೆ. ಈಗ ಸರಿಯಾಯ್ತು ನೋಡು ಅಂತ ಖುಷಿಯಾಗಿ ಹೋಗೋರು. ನಿಮ್ಮ ಮಾವನಿಗೂ ಹಾಗೇ ಮೂರು ಸಲ ಕೊಟ್ಟಿದ್ದೀನಿ." ಕೈಯನ್ನು ಮತ್ತೆ ತೊಡೆಯ ಕೆಳಗೆ ಇಟ್ಟುಕೊಂಡು ಹೇಳಿದರು, "ಎಣ್ಣೆ ಹಾಕಿದ್ರೆ ಸರಿಹೋಗತ್ತೆ ಅಂತ ಅವನಿಗೆ ಕಲಿಸಿದ್ದೇ ನಾನು."

ಇವುಗಳನ್ನು ಯಾರಾದರೂ ಸರಿಮಾಡುತ್ತಾರೆಯೇ ಎಂದು ಕೇಳಿದೆ. ಮಾಡುವವರು ಸತ್ತಿದ್ದಾರೆ, ಅಥವಾ ನನ್ನ ಹಾಗೆ ಆಗಿದ್ದಾರೆ ಎಂದರು. ಮುಂದಿನ ಅಂಗಡಿಯಿಂದ ಅಳಿಯ ಇಣುಕಿ, "ಒಳಗಿಂದು ತೆಗೆದು ಬ್ಯಾಟರಿ ಮೆಷಿನ್ ಹಾಕಿಸಿ ಅಕ್ಕ, ಶೋಕೇಸಿಗೆ ಚೆನ್ನಾಗಿರತ್ತೆ" ಎಂದ. ಮುದುಕರು ಅವನ ಕಡೆ ನೋಡಲೂ ಇಲ್ಲ.

ದಾರಿಯುದ್ದಕ್ಕೂ ಯೋಚಿಸಿದೆ. ಗಂಡ ಕೆಲಸದಿಂದ ಬರಲಿ, ಅವನಿಗೆ ಹೇಳುತ್ತೇನೆ, ತನ್ನ ಅಪ್ಪನಿಗೆ ಹೇಗೆ ಹೇಳಬೇಕೋ ಅವನು ಹೇಳಲಿ. ಅವನ ಗಂಟಲಾದರೂ ಅವರಿಗೆ ತಾಗುತ್ತದೆ. ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದರೆ, ಕಿಟಕಿಯ ಪಕ್ಕದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ನಡುವೆ ಅಪ್ಪ ಮಲಗಿತ್ತು. ಮಾವ ಕನ್ನಡಕ ಒರೆಸುತ್ತಿದ್ದರು. ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದಾಗಿತ್ತು.

"ಮಾವ, ಬೇಡ" ಎಂದೆ.

ಅವರು ತಿರುಗಲಿಲ್ಲ. ಮಗುವನ್ನು ಅವರ ಕುರ್ಚಿಯ ಹಿಂದೆ ಚಾಪೆಯ ಮೇಲೆ ಇಳಿಸಿ ಎದುರಿಗೆ ಹೋದೆ, ಗಡಿಯಾರದ ಮೇಲೆ ಅಂಗೈ ಇಟ್ಟೆ.

"ತೆಗಿಯಮ್ಮ ಕೈ. ಇವನದೂ ಶುರುವಾಗಿದೆ. ತಡ ಮಾಡಿದ್ರೆ ಇವನೂ ಹೋಗ್ತಾನೆ."

"ಗಡಿಯಾರಕ್ಕೆ ಏನೂ ಆಗಿಲ್ಲ ಮಾವ."

"ಹ್ಞಾಂ? ಸ್ವಲ್ಪ ಬಾಯಿ ಬಿಟ್ಟು ಮಾತಾಡು."

ಇಂಥ ಮಾತನ್ನು ಮೆಲ್ಲಗೆ, ಕೈ ಹಿಡಿದು ಹೇಳಬೇಕು. ಆದರೆ ಮೆಲ್ಲಗೆ ಹೇಳಿದರೆ ಕೇಳಿಸದಿರುವುದೇ ನಾನು ಹೇಳಬೇಕಾಗಿದ್ದ ವಿಷಯ. ನಾನು ಕೂಗಿದೆ. ತವರು ಬಿಟ್ಟ ಮೇಲೆ ಮೊದಲ ಸಲ ಅಷ್ಟು ದೊಡ್ಡದಾಗಿ ಕೂಗಿದ್ದು. "ಗಡಿಯಾರದ ದನಿ ಇಳಿದಿಲ್ಲ ಮಾವ, ನಿಮಗೆ ಕೇಳಿಸ್ತಿಲ್ಲ." ಎದುರು ಮನೆಯ ಕಿಟಕಿ ತೆರೆದ ಸದ್ದು ನನಗೆ ಕೇಳಿಸಿತು.

ಅವರು ನಕ್ಕರು. "ನಿನ್ನ ಮಾತು ಈಗ ಕೇಳಿಸ್ತಲ್ಲ."

ನಾನು ಅವರ ಬೆನ್ನಿನ ಕಡೆಗೆ ಬೆರಳು ತೋರಿಸಿದೆ. ಮಗು ಚಾಪೆಯ ಮೇಲೆ ಕೂತು ಗಿಲಕಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೈಯೆಲ್ಲ ಕುಣಿಸುತ್ತಾ ಅಲ್ಲಾಡಿಸುತ್ತಿತ್ತು. ಕೋಣೆ ತುಂಬ ಅದೇ ಸದ್ದು. ಮಾವ ತಿರುಗಿ ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಎದ್ದು ಹೋಗಿ, ಬಗ್ಗಿ, ಗಿಲಕಿಯನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದು ತಮ್ಮ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಂದು ಕಿವಿ, ಇನ್ನೊಂದು ಕಿವಿ. ಮಗು ಅಳುವ ಮುಂಚೆ ವಾಪಸ್ ಕೊಟ್ಟರು.

ಕುರ್ಚಿಗೆ ಬಂದು ಕೂತು ಕೇಳಿದರು. "ಹಾಗಾದ್ರೆ ಅವು ಏಳೂ ಚೆನ್ನಾಗೇ ಇದ್ವಾ?"

ನನ್ನ ಭುಜದಲ್ಲಿದ್ದ ಚೀಲದ ಬಾಯಿ ತೆರೆದಿತ್ತು. ಅತ್ತೆ ಹೊಲಿದ ಅಂಗಿಬಟ್ಟೆಗಳು ಕಾಣುತ್ತಿದ್ದವು. ಅವರು ಅದನ್ನು ನೋಡಿದರು. "ಭೂತಗನ್ನಡಿ ಹತ್ರ ಹೋಗಿದ್ಯಾ? ಏನಂದ ಅವನು?"

ಸವೆದಿದ್ದವು ಎಂದು ಹೇಳಬಹುದಿತ್ತು. ಆಯಸ್ಸು ಮುಗಿದಿತ್ತು ಎನ್ನಬಹುದಿತ್ತು. ಅಂಥ ದಯೆಯ ಮಾತಿನಿಂದ ಏನಾಯಿತೆಂದು ಅರ್ಧ ಗಂಟೆಯ ಹಿಂದಷ್ಟೇ ಕೇಳಿಕೊಂಡು ಬಂದಿದ್ದೆ. ಅದೂ ಅಲ್ಲದೆ ಬಿಳಿ ಬಟ್ಟೆಯ ಮೇಲೆ ಇನ್ನೂ ಅಪ್ಪ ಇತ್ತು.

"ಚೆನ್ನಾಗಿದ್ವಂತೆ" ಎಂದು ಕೂಗಿದೆ.

ಮಾವ ಎಣ್ಣೆಯ ಡಬ್ಬಿಗೆ ಮುಚ್ಚಳ ಹಾಕಿದರು. ಚಿಮಟ ಒರೆಸಿಟ್ಟರು. ಬಿಳಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು, ಮಡಿಕೆ ಸರಿಬರಲಿಲ್ಲವೆಂದು ಬಿಚ್ಚಿ ಮತ್ತೆ ಮಡಿಚಿದರು.

ಸಂಜೆ ಗಂಡ ಬಂದು ಎಲ್ಲ ಕೇಳಿ, ನನ್ನ ಮೇಲೆ ರೇಗಿದ. "ಹೇಳಲೇಬೇಕಿತ್ತಾ? ಇನ್ನೊಂದು ಹೋದ್ರೆ ಹೋಗ್ತಿತ್ತು. ಗಡಿಯಾರ ಕೆಟ್ಟವು ಅಂತ ಕೊರಗೋದು ಬೇರೆ, ನಾನೇ ಕೊಂದೆ ಅಂತ ಕೊರಗೋದು ಬೇರೆ." ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಮಾಡಿದ್ದರಲ್ಲೂ ತಪ್ಪು ಕಾಣಲಿಲ್ಲ. ಇಬ್ಬರೂ ಊಟ ಮಾಡಿ ಮಲಗಿದೆವು.

ಕಿವಿಯ ಡಾಕ್ಟರ ಹತ್ತಿರ ಹೋಗಿ ಬಂದೆವು. ಕಿವಿಯೊಳಗೆ ಹುಲ್ಲಿನಂತೆ ಸಣ್ಣ ಸಣ್ಣ ರೋಮ ಇರುತ್ತವಂತೆ, ಸುಟ್ಟ ಹುಲ್ಲು ಮತ್ತೆ ಚಿಗುರುವುದಿಲ್ಲವಂತೆ. ಕಿವಿಗೆ ಮೆಷಿನ್ ಹಾಕಿಕೊಂಡರೆ ಮಾತು ಸ್ವಲ್ಪ ಸ್ಪಷ್ಟವಾಗುತ್ತದೆ ಎಂದರು. ಮಾವ ಕೇಳಿದ್ದು ಒಂದೇ: "ಗಡಿಯಾರ ಕೇಳಿಸತ್ತಾ?" ಡಾಕ್ಟರು ತಲೆ ಅಲ್ಲಾಡಿಸಿದರು. "ಹಾಗಾದ್ರೆ ಬಿಡಿ" ಎಂದು ಇವರು ಎದ್ದರು. ಎಷ್ಟು ಹೇಳಿದರೂ ಮೆಷಿನ್ ಬೇಡವೆಂದರು. ಗಡಿಯಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರೆ ತಲೆಬುರುಡೆಗೆ ಕೇಳಿಸುತ್ತದೆ ಎಂದು ಗಿರಣಿಯ ಹಳಬನೊಬ್ಬ ಯಾವತ್ತೋ ಹೇಳಿದ್ದನಂತೆ. ಒಂದು ಮಧ್ಯಾಹ್ನ ನಾನು ಬಟ್ಟೆ ಒಣಹಾಕಿ ಬರುವಾಗ ಅವರು ಕಿಟಕಿಗೆ ಮುಖ ಮಾಡಿ ಅಪ್ಪನನ್ನು ಹಲ್ಲಿನ ನಡುವೆ ಹಿಡಿದು ನಿಂತಿದ್ದರು. ನನ್ನನ್ನು ಕಂಡು ತೆಗೆದು, ಅಂಗಿಯ ತುದಿಯಿಂದ ಒರೆಸಿದರು. "ಕಟ್ಟಿಸಿದ ಹಲ್ಲಮ್ಮ, ಇದಕ್ಕೇನು ಗೊತ್ತಾಗತ್ತೆ" ಎಂದು ನಕ್ಕರು. ಆ ನಗು ನೋಡಬಾರದಿತ್ತು.

ಆಮೇಲೆ ಏಳನ್ನೂ ಅವರವರ ಮನೆಗೆ ತಾವೇ ನಡೆದು ಹೋಗಿ ಕೊಟ್ಟು ಬಂದರು. ಮಗನನ್ನು ಕಳಿಸಲು ಒಪ್ಪಲಿಲ್ಲ. ಪ್ರತಿ ಮನೆಯಲ್ಲೂ ಏನು ಹೇಳಿದರೋ ನಮಗೆ ತಿಳಿಯದು. ಡಾಕ್ಟರ ಹೆಂಡತಿ ಮಾತ್ರ ಮರುದಿನ ಬಂದು, ಗಡಿಯಾರ ಇಟ್ಟಿದ್ದ ಬಟ್ಟೆಯ ಚೀಲವನ್ನು ನನ್ನ ಕೈಗೆ ಕೊಟ್ಟು, "ಇದು ನಿಮ್ಮ ಅತ್ತೆಯದು" ಎಂದು ಬಾಗಿಲಲ್ಲೇ ತಿರುಗಿ ಹೋದರು.

ಕೊನೆಗೆ ಒಂದು ಬೆಳಿಗ್ಗೆ ಅಪ್ಪನನ್ನು ತಂದು ನನ್ನ ಮುಂದಿಟ್ಟರು. "ಇನ್ನು ನನ್ನ ಕೈ ಇದನ್ನ ಮುಟ್ಟೋದು ಬೇಡ. ಮುಟ್ಟಿದ್ರೆ ಬಿಚ್ಚಬೇಕು ಅನ್ನಿಸತ್ತೆ. ನಿನ್ನ ಹತ್ರ ಇರಲಿ. ಎಂಟಕ್ಕೆ, ಹದಿನೆಂಟು ಸುತ್ತು. ಹತ್ತೊಂಬತ್ತನೇದು ಬೇಡಿದ್ರೂ ಕೊಡಬೇಡ. ಮಗು ದೊಡ್ಡವಳಾದ ಮೇಲೆ ಅವಳಿಗೆ. ಅಲ್ಲೀವರೆಗೆ ನಿಲ್ಲಬಾರದು, ಅಷ್ಟೇ."

ನಾನು ಅದನ್ನು ಮಗುವಿನ ಬಟ್ಟೆಗಳ ಕಪಾಟಿನಲ್ಲಿ ಮೇಲಿನ ಹಲಗೆಯ ಮೇಲಿಟ್ಟೆ. ದಿನಾ ಎಂಟಕ್ಕೆ ಕೀಲಿ ಕೊಟ್ಟೆ. ಎಂಟೂಕಾಲಿಗೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದು, "ಓಡ್ತಾ ಇದೆಯಾ?" ಎಂದು ಕೇಳುತ್ತಿದ್ದರು. ನಾನು ಜೋರಾಗಿ "ಹ್ಞೂಂ ಮಾವ" ಎನ್ನುತ್ತಿದ್ದೆ. ಒಳಗೆ ಬಂದು ನೋಡಬಹುದಿತ್ತು, ಮುಳ್ಳು ಕಣ್ಣಿಗೆ ಕಾಣುತ್ತದೆ. ಒಂದು ದಿನವೂ ನೋಡಲಿಲ್ಲ. ನನ್ನ ಮಾತು ಸಾಕಾಗುತ್ತಿತ್ತು. ಹೀಗೆ ನಲವತ್ತೊಂದು ದಿನ.

ನಲವತ್ತೆರಡನೆಯ ದಿನ ಬೆಳಗಿನ ಆರಕ್ಕೆ ಮಗಳ ಮೈ ಕೆಂಡವಾಗಿತ್ತು. ಕಣ್ಣು ಮೇಲೆ ಮಾಡಿ ಸೆಟೆದುಕೊಂಡಳು. ಉಟ್ಟ ಬಟ್ಟೆಯಲ್ಲೇ ನಾನೂ ಗಂಡನೂ ಆಸ್ಪತ್ರೆಗೆ ಓಡಿದೆವು. ಆ ಹಗಲು, ಅದರ ಮರುಬೆಳಗು ನನಗೆ ನೆನಪಿರುವುದು ಹನಿಹನಿಯಾಗಿ ಇಳಿಯುವ ಬಾಟಲಿ, ಒದ್ದೆ ಬಟ್ಟೆ, ಅವಳ ಹಣೆ. ಮನೆಗೆ ಬಂದಾಗ ಎಂಟು ಗಂಟೆಗೆ ಹತ್ತು ನಿಮಿಷವಿತ್ತು. ಜ್ವರ ಇಳಿದಿತ್ತು. ಅವಳಿಗೆ ಒಣಗಿದ ಬಟ್ಟೆ ತೆಗೆಯಲೆಂದು ಕಪಾಟು ತೆರೆದಾಗ ಗಡಿಯಾರ ನೆನಪಾಯಿತು.

ಮುಚ್ಚಳ ತೆರೆದೆ. ನಾಲ್ಕೂ ಹತ್ತಕ್ಕೆ ನಿಂತಿತ್ತು. ಯಾವ ಕಾಯಿಲೆಯೂ ಇಲ್ಲದೆ, ಕೀಲಿ ಇಲ್ಲದೆ. ಲೋಹ ತಣ್ಣಗಿತ್ತು.

ಹದಿನೆಂಟು ಸುತ್ತು ಕೊಟ್ಟೆ. ಹತ್ತನೆಯದಕ್ಕೇ ಓಡಲು ಶುರುಮಾಡಿತು. ಫೋನು ನೋಡಿ ಮುಳ್ಳು ಸರಿಮಾಡಿದೆ.

ಮಾವ ಬಾಗಿಲಿಗೆ ಬಂದರು. ಮಗುವಿನ ಹಣೆ ಮುಟ್ಟಿ ನೋಡಿದರು, ಕಾಲು ಮುಟ್ಟಿ ನೋಡಿದರು. "ಇಳಿದಿದೆ" ಎಂದು ಉಸಿರುಬಿಟ್ಟರು. ಆಮೇಲೆ ನನ್ನ ಕೈಯಲ್ಲಿದ್ದ ಗಡಿಯಾರವನ್ನು ಕಂಡರು.

"ಆಸ್ಪತ್ರೆಗೂ ಒಯ್ದಿದ್ದೆಯಲ್ಲ" ಎಂದರು. ಕೇಳಿದ್ದಲ್ಲ, ಹೇಳಿದ್ದು. ಅಂಥ ಹೊತ್ತಿನಲ್ಲಿ ಅವರಾಗಿದ್ದರೆ ಒಯ್ಯುತ್ತಿದ್ದರು. ಬೇರೆ ಥರ ಆಗಿರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. "ನಿನ್ನೆ ಎಂಟೂಕಾಲಿಗೆ ಬಾಗಿಲಿಗೆ ಬಂದೆ ನೋಡು, ನೀನಿರಲಿಲ್ಲ. ಆಮೇಲೆ ಅಂದ್ಕೊಂಡೆ, ಅವಳು ಮರೆಯೋಳಲ್ಲ ಅಂತ."

ನಾನು ಅವರ ಮುಖ ನೋಡಿದೆ. ಕೂಗುವಷ್ಟು ಉಸಿರು ನನ್ನಲ್ಲಿರಲಿಲ್ಲ. ಇತ್ತೇನೋ; ಇದ್ದರೂ ಕೂಗುತ್ತಿರಲಿಲ್ಲ.

"ಇಲ್ಲ ಮಾವ" ಎಂದೆ, ನನ್ನ ಯಾವತ್ತಿನ ದನಿಯಲ್ಲಿ. "ಮರೆತೆ. ನಿನ್ನೆ ನಿಂತುಹೋಯ್ತು."

ಅವರು ತಲೆದೂಗಿದರು. "ಹ್ಞಾಂ, ಹ್ಞಾಂ. ಒಳ್ಳೇದಾಯ್ತು. ಸ್ವಲ್ಪ ಮಲಕ್ಕೋ ಹೋಗು, ನಾನು ಮಗು ನೋಡ್ತೀನಿ" ಎಂದು ಚಾಪೆಯ ಪಕ್ಕದಲ್ಲಿ, ಅವಳ ತುಟಿ ಕಾಣುವ ಹಾಗೆ ಕುರ್ಚಿ ಎಳೆದುಕೊಂಡು ಕೂತರು.

ಆ ದಿನದ ಹಾಳೆಯಲ್ಲಿ ಜ್ವರದ ಅಂಕಿಗಳಿವೆ, ಔಷಧಿಯ ಹೊತ್ತುಗಳಿವೆ, ಮತ್ತೆ ಯಾವಾಗ ತೋರಿಸಬೇಕು ಎಂಬುದಿದೆ. ಕೆಳಗೆ ಎರಡು ಸಾಲಿನ ಜಾಗ ಉಳಿದಿತ್ತು. ಬರೆದಿದ್ದೇನೆ: "ಗಡಿಯಾರ ನಿಂತಿತ್ತು. ಮಾವನಿಗೆ ಹೇಳಿದೆ."